ಎರಡು ಹಬ್ಬಗಳ ನಡುವೆ ಬೆಳೆದ ಗಂಟು

ಚಿಕ್ಕಮಗಳೂರು ಕಡೆಯ ಹಿರಿಯರ ಕುತ್ತಿಗೆಯಲ್ಲಿ ಗಳಗಂಡ ಕಂಡರೆ ಯಾರೂ ಗಾಬರಿಯಾಗುವುದಿಲ್ಲ. ಈ ಅಮ್ಮನ ಮನೆಯವರೂ ಆಗಿರಲಿಲ್ಲ. ಅರವತ್ತು ದಾಟಿದವರು, ಹಾಶಿಮೋಟೊ (ದೇಹದ ರಕ್ಷಣಾ ಕಣಗಳೇ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುವ ಕಾಯಿಲೆ) ಇದೆಯೆಂದು ವರ್ಷಗಳಿಂದ ಥೈರಾಯ್ಡ್ ಹಾರ್ಮೋನಿನ ಮಾತ್ರೆ ಥೈರಾಕ್ಸಿನ್ ನುಂಗುತ್ತಿದ್ದರು. ಕೈಯಲ್ಲಿದ್ದ ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಕಣ ತೆಗೆದು ನೋಡುವ ಪರೀಕ್ಷೆ) ವರದಿಯಲ್ಲಿ 'ಲಿಂಫೋಸೈಟಿಕ್ ಥೈರಾಯ್ಡೈಟಿಸ್' ಎಂದಿತ್ತು, ಅಂದರೆ ಅದೇ ಹಾಶಿಮೋಟೊದ ಉರಿಯೂತ. ಗಂಟು ತೆಗೆದುಬಿಡಿ ಎಂಬ ಚೀಟಿಯೂ ಜೊತೆಗಿತ್ತು.

ವರದಿ ಬಿಚ್ಚುವ ಮೊದಲು ನಾನು ಕೇಳುವುದು ಒಂದೇ: ಇಷ್ಟಾಗಲು ಎಷ್ಟು ದಿನ ಹಿಡಿಯಿತು? ಸೊಸೆ ಹೇಳಿದರು: "ದೀಪಾವಳಿಗೆ ಏನೂ ಇರ್ಲಿಲ್ಲ ಡಾಕ್ಟ್ರೇ. ಸಂಕ್ರಾಂತಿ ಹೊತ್ತಿಗೆ ಕರಿಮಣಿ ಬಿಗಿಯಾಗಿ ಅತ್ತೆ ತೆಗೆದಿಟ್ರು." ಗಳಗಂಡ ಹೀಗೆ ಓಡುವುದಿಲ್ಲ.

ಮುಟ್ಟಿದರೆ ರಬ್ಬರಿನ ಗಟ್ಟಿ. ನುಂಗಿಸಿದರೂ ಅಲುಗಲಿಲ್ಲ. "ಎರಡೂ ಕೈ ಮೇಲೆತ್ತಿ ಕಿವಿಗೆ ಒತ್ತಿ ಹಿಡೀರಿ ಅಮ್ಮಾ" ಎಂದೆ. ನಿಮಿಷದೊಳಗೆ ಮುಖ ಕೆಂಪೇರಿ, ಕತ್ತಿನ ರಕ್ತನಾಳಗಳು ಉಬ್ಬಿ ನಿಂತವು. ಗಂಟು ಎದೆಯೊಳಕ್ಕೂ ಇಳಿದಿತ್ತು. ಸಿಟಿ ಸ್ಕ್ಯಾನಿನಲ್ಲೂ ಅದೇ ಕಂಡಿತು. ಈ ಪೆಂಬರ್ಟನ್ ಪರೀಕ್ಷೆಗೆ ಯಂತ್ರ ಬೇಡ, ಬಿಲ್ಲೂ ಇಲ್ಲ. ಅದಕ್ಕೇ ಯಾರೂ ಮಾಡುವುದಿಲ್ಲವೇನೋ.

ಸಣ್ಣ ಸೂಜಿಯ ವರದಿ ಸುಳ್ಳೇನಲ್ಲ. ಹಾಶಿಮೋಟೊದಲ್ಲಿ ತುಂಬಿಕೊಳ್ಳುವುದೂ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳೇ, ಆ ಕಣಗಳ ಕ್ಯಾನ್ಸರಾದ ಲಿಂಫೋಮಾದಲ್ಲೂ ಅವೇ. ಬಿಡಿ ಕಣ ನೋಡಿ ಇದು ಯಾವುದೆಂದು ಹೇಳುವುದು ಪೆಥಾಲಜಿಸ್ಟರಿಗೂ ಕಷ್ಟ. ಹಾಗಾಗಿ ಅಲ್ಟ್ರಾಸೌಂಡ್ ನೋಡಿಕೊಂಡು ದಪ್ಪ ಸೂಜಿಯಿಂದ ಗಂಟಿನ ತುಣುಕು ತೆಗೆಯುವ ಕೋರ್ ಬಯಾಪ್ಸಿಗೆ ಬರೆದೆ. ಅಷ್ಟರಲ್ಲಿ ಉಸಿರಿನ ಗೊರಗೊರ ಕೇಳಿ ಡ್ಯೂಟಿ ಡಾಕ್ಟರ್ ಸ್ಟಿರಾಯ್ಡ್ ಇಂಜೆಕ್ಷನ್ ತುಂಬಿಟ್ಟಿದ್ದರು. ತುಣುಕು ಕೈಗೆ ಸಿಗಲಿ, ಆಮೇಲೆ ಎಂದೆ. ಸ್ಟಿರಾಯ್ಡ್ ಬಿದ್ದರೆ ಲಿಂಫೋಮಾ ಕರಗತೊಡಗುತ್ತದೆ. ನಂತರದ ಬಯಾಪ್ಸಿಯಲ್ಲಿ ಸತ್ತ ಕಣಗಳಷ್ಟೇ ಸಿಕ್ಕಬಹುದು. ಉಸಿರೇ ಕಟ್ಟುವ ಹಾಗಿದ್ದರೆ ಮಾತು ಬೇರೆ. ಅದಕ್ಕೇ ಅರಿವಳಿಕೆ ತಜ್ಞರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅಮ್ಮನನ್ನು ಒರಗಿ ಕೂರಿಸಿಯೇ ಸೂಜಿ ಹಾಕಿಸಿದ್ದು.

ತುಣುಕಿನ ವರದಿ ಬಂತು: ಬಿ-ಲಿಂಫೋಸೈಟ್‌ಗಳ ಗುರುತಾದ ಸಿಡಿ20 ಪಾಸಿಟಿವ್, ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ. ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಅಪರೂಪದ್ದು, ಬಂದರೆ ಹೆಚ್ಚಾಗಿ ಹಾಶಿಮೋಟೊ ಇದ್ದವರಿಗೇ.

"ಆಪರೇಷನ್ ಯಾವತ್ತು ಸರ್?" ಎಂದರು ಮಗ. ಇಲ್ಲ ಎಂದರೆ ನಂಬಲೇ ಇಲ್ಲ. ಕ್ಯಾನ್ಸರ್ ಅಂದಮೇಲೆ ಕೊಯ್ದು ತೆಗೆಯಬೇಕೆಂಬುದು ಜನರ ಎಣಿಕೆ. ಇಲ್ಲಿ ಕತ್ತಿ ಹಿಡಿದರೆ ಸ್ವರದ ನರಕ್ಕೂ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೂ ಅಪಾಯ, ಲಾಭ ಅತ್ಯಲ್ಪ ಎಂದು ಚಿತ್ರ ಬರೆದು ತೋರಿಸಬೇಕಾಯಿತು. ಮೂರು ವಾರಕ್ಕೊಮ್ಮೆ ಆರ್-ಚಾಪ್ ಎಂಬ ಕಿಮೊಥೆರಪಿ ಕೊಡಲು ಕ್ಯಾನ್ಸರ್ ಚಿಕಿತ್ಸೆಯ ಆಂಕಾಲಜಿಯವರಿಗೆ ಒಪ್ಪಿಸಿದೆ.

ಎರಡನೇ ಸುತ್ತಿಗೆ ಬಂದಾಗ ಗಂಟು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು, ಮಲಗಲು ಒಂದೇ ದಿಂಬು ಸಾಕಾಗುತ್ತಿತ್ತು. ಕೂದಲು ಉದುರುವ ವಿಚಾರ ಸರಿಯಾಗಿ ಹೇಳಲಿಲ್ಲವೆಂದು ಅಮ್ಮ ಮಾತ್ರ ಆಂಕಾಲಜಿಯವರ ಮೇಲೆ ನನ್ನ ಹತ್ತಿರ ದೂರು ಹೇಳಿದರು.