ನಾನು ಹೋಗಲಾಗದ ದಿನ ನನ್ನ ಕುರ್ಚಿ ಯಾರದು?

ಕೈಗಾದಲ್ಲಿ ನನ್ನದು ಪಾಳಿ ಕೆಲಸ, ಮನೆ ಕಾರವಾರದಲ್ಲಿ. ಫುಟ್‌ಬಾಲ್ ನೋಡಲು ಬೆಂಗಳೂರಿಗೆ ಹೋಗಿಬರುವುದೆಂದರೆ ಎರಡು ದಿನದ ರಜೆ ಹಾಕಬೇಕು. ಮಡಗಾಂವ್ ಪಕ್ಕದ ಫಾತೋರ್ಡಾ ಮೈದಾನವಾದರೆ ಕಾಳಿ ಸೇತುವೆ, ಮಾಜಾಳಿ, ಕಾಣಕೋಣ ದಾಟಿ ಘಾಟ ಇಳಿದರೆ ಸಿಕ್ಕಿಬಿಡುತ್ತದೆ. ಹಾಗಾಗಿ ಒಂದು ವರ್ಷ ಸೀಸನ್ ಟಿಕೆಟ್ಟನ್ನೇ ತೆಗೆದೆ. 12 ಪಂದ್ಯಕ್ಕೆ 3,000 ರೂಪಾಯಿ, ಅಂದರೆ ಪಂದ್ಯಕ್ಕೆ 250.

ಪಾಳಿ ಪಟ್ಟಿ ಬಂದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಹೋದೆ. ಐದು ಪಂದ್ಯಗಳ ದಿನ ನನಗೆ ಸಂಜೆ ಪಾಳಿ. ಐದು ಸಂಜೆ ಆ ಕುರ್ಚಿ ಖಾಲಿ ಬೀಳುವುದು ನೆನೆದರೇ ಸಂಕಟ. ನಮ್ಮೂರಲ್ಲಿ ಆ ಕುರ್ಚಿಗಾಗಿ ಕಾಯುವವರು ಎಷ್ಟೋ ಮಂದಿ. ಬೈತಖೋಲ ಬಂದರಿನಲ್ಲಿ ಐಸ್ ಹೊರುವ ಹುಡುಗನೊಬ್ಬ ಕೇಳಿದ. 250 ರೂಪಾಯಿ ಯುಪಿಐ ಮಾಡಿದ, ನಾನು ಟಿಕೆಟ್ಟಿನ ಕ್ಯೂಆರ್ ಕೋಡ್ ಕಳಿಸಿದೆ. ಲಾಭದ ಮಾತೇ ಇರಲಿಲ್ಲ.

ಆ ಸಂಜೆ ಫೋನ್ ಹೊರಗಿಟ್ಟು ಕೆಲಸಕ್ಕೆ ಹೋಗಿದ್ದೆ. ಪಾಳಿ ಮುಗಿಸಿ ಬಂದು ನೋಡಿದರೆ ಒಂಬತ್ತು ಮಿಸ್ಡ್ ಕಾಲ್, ಒಂದು ಮೆಸೇಜು: "ದಾದಾ, ಹೆಸರು ಬೇರೆ ಅಂತ ಒಳಗೆ ಬಿಡ್ತಾ ಇಲ್ಲ. ಏನು ಮಾಡ್ಲಿ?" ಗೇಟಿನಲ್ಲಿ ಗುರುತಿನ ಚೀಟಿ ಕೇಳಿದ್ದರು. ಹುಡುಗ ಅರ್ಧ ದಿನದ ಕೂಲಿ ಬಿಟ್ಟು ಹೋಗಿದ್ದ. ಒಳಗಿನ ಕೂಗು ಕೇಳಿಸುವಷ್ಟು ಹತ್ತಿರ ನಿಂತು, ಮೊದಲರ್ಧ ಮುಗಿದ ಮೇಲೆ ವಾಪಸು ಹೊರಟಿದ್ದ. ಮರುದಿನ ಅವನ 250 ಮತ್ತು ಹೋಗಿಬಂದ ಖರ್ಚು ಕೊಟ್ಟೆ. ಖರ್ಚಿನ ದುಡ್ಡು ತೆಗೆದುಕೊಳ್ಳಲು ಅವನು ಒಪ್ಪಲೇ ಇಲ್ಲ, ಒತ್ತಾಯ ಮಾಡಿ ಜೇಬಿಗೆ ಹಾಕಿದೆ. ಅವತ್ತೇ ಇದನ್ನು ಇಲ್ಲಿಗೆ ಬಿಡಬಾರದು ಎನಿಸಿತು.

ಮೊದಲು ಷರತ್ತುಗಳನ್ನು ಹುಡುಕಿದೆ. "ಟಿಕೆಟ್ ಹಸ್ತಾಂತರಿಸುವಂತಿಲ್ಲ" ಎಂಬ ಸಾಲು ಇತ್ತು. ಆದರೆ ದುಡ್ಡು ಕಟ್ಟಿದ ಮೇಲೆ ಬಂದ ಮೇಲ್‌ನಲ್ಲಿ, ಕೆಳಗೆಲ್ಲೋ. ಗೆಳೆಯನ ಫೋನಿನಲ್ಲಿ ಖರೀದಿಯ ಪ್ರತಿಯೊಂದು ಹಂತವನ್ನೂ ಮತ್ತೆ ತೆರೆದು, ಒಂದೊಂದರ ಸ್ಕ್ರೀನ್‌ಶಾಟ್ ಇಟ್ಟುಕೊಂಡೆ. ದುಡ್ಡು ಕಟ್ಟುವ ಪುಟದವರೆಗೆ ಆ ಸಾಲು ಎಲ್ಲೂ ಇರಲಿಲ್ಲ. ಆಮೇಲೆ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಈ ಸ್ಕ್ರೀನ್‌ಶಾಟ್‌ಗಳೇ.

ಪರಿಚಯದ ವಕೀಲರೊಬ್ಬರು ಇನ್ನೊಬ್ಬರ ಜಾಗವನ್ನು ಬಳಸುವ ಹಕ್ಕಿನ ಬಗೆಗಿನ 1882ರ ಈಸ್‌ಮೆಂಟ್ ಕಾಯ್ದೆಯ 56ನೇ ಕಲಂ ತೋರಿಸಿದರು. ಸಾರ್ವಜನಿಕ ಮನರಂಜನೆಯ ಜಾಗಕ್ಕೆ ಹೋಗಲು ಸಿಕ್ಕ ಪರವಾನಗಿಯನ್ನು (ಅಂದರೆ ಟಿಕೆಟ್ಟಿನಂಥದ್ದನ್ನು), ಹಾಗೆ ಕೊಡಬಾರದೆಂಬ ಉದ್ದೇಶವನ್ನು ಬಾಯಿಬಿಟ್ಟು ಹೇಳಿರದಿದ್ದರೆ ಮತ್ತು ಅದು ಸಂದರ್ಭದಿಂದಲೇ ಸ್ಪಷ್ಟವಾಗದಿದ್ದರೆ, ಪಡೆದವನು ಇನ್ನೊಬ್ಬನಿಗೆ ವರ್ಗಾಯಿಸಬಹುದು ಎನ್ನುತ್ತದೆ ಅದು. ಬೇರೆ ಪರವಾನಗಿಗಳನ್ನು ಹಾಗೆ ಕೊಡಲು ಬರುವುದಿಲ್ಲ. ಮನರಂಜನೆಗೆ ಮಾತ್ರ ಆ ಸಡಿಲಿಕೆ. ನೂರನಲವತ್ತು ವರ್ಷದ ಹಿಂದೆಯೇ ಇದನ್ನು ಬರೆದಿಟ್ಟಿದ್ದಾರಲ್ಲ ಎಂದು ನನಗೆ ರೋಮಾಂಚನವಾಯಿತು. ವಕೀಲರು ಮಾತ್ರ ಎಚ್ಚರಿಸಿದರು: "ಷರತ್ತು ಹಾಕಿದ್ದರೆ ಷರತ್ತೇ ಗೆಲ್ಲುತ್ತೆ. ಅದನ್ನ ನಿಮಗೆ ಯಾವಾಗ ತೋರಿಸಿದರು ಅನ್ನೋದನ್ನ ಹಿಡೀರಿ."

ಬೇರೆ ದೇಶಗಳಲ್ಲಿ ಹೇಗೆಂದೂ ಓದಿದೆ. ನ್ಯೂಯಾರ್ಕ್ ರಾಜ್ಯದ ಕಾನೂನು ಸೀಸನ್ ಟಿಕೆಟ್ಟಿನ ಮರುಮಾರಾಟಕ್ಕೆ ಸಂಘಟಕರು ಅಡ್ಡಿ ಹಾಕದಂತೆ ತಡೆಯುತ್ತದೆ. ಇಂಗ್ಲೆಂಡಿನದು ಉಲ್ಟಾ: 1994ರ ಕಾಯ್ದೆ ಪ್ರಕಾರ ಅನುಮತಿಯಿಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದೇ ಅಪರಾಧ. ಎದುರಾಳಿ ಅಭಿಮಾನಿಗಳನ್ನು ಬೇರೆಬೇರೆ ಕೂರಿಸಬೇಕು ಎಂಬುದು ಅಲ್ಲಿನ ಚಿಂತೆ. ಆ ಚಿಂತೆ ನನಗೂ ಒಪ್ಪಿಗೆ. ಅದಕ್ಕೇ ಅಲ್ಲಿನ ಕ್ಲಬ್ಬುಗಳು ಸೀಟು ಮರಳಿಸಿ ಇನ್ನೊಬ್ಬ ಅಭಿಮಾನಿಗೆ ದಾಟಿಸುವ ವ್ಯವಸ್ಥೆಯನ್ನು ತಾವೇ ನಡೆಸುತ್ತವೆ. ಗೇಟಿನ ಹೊರಗೆ ಮೂರು ಪಟ್ಟು ಬೆಲೆಗೆ ಬ್ಲ್ಯಾಕಿನಲ್ಲಿ ಮಾರುವವನನ್ನೂ, ಕೊಟ್ಟ ಬೆಲೆಗೇ ಊರಿನವನಿಗೆ ಕುರ್ಚಿ ಬಿಟ್ಟುಕೊಡುವ ನನ್ನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎನ್ನುವುದಷ್ಟೇ ನನ್ನ ವಾದ.

ಟಿಕೆಟ್ ಮಾರಿದ ಸಂಸ್ಥೆಗೆ ಒಂದು ಪುಟದ ಪತ್ರ ಬರೆದೆ. ಕೋಪ ತೋರಿಸಲಿಲ್ಲ. ಸ್ಕ್ರೀನ್‌ಶಾಟ್‌ಗಳು, 56ನೇ ಕಲಂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರಿನ ಬಗ್ಗೆ ಇರುವ ಮಾತು, ಕೊನೆಗೆ ಎರಡೇ ಬೇಡಿಕೆ: ಉಳಿದ ನಾಲ್ಕು ಪಂದ್ಯಕ್ಕೆ ಹೆಸರು ಬದಲಿಸಿಕೊಡಿ, ಇಲ್ಲವೇ ಆ ನಾಲ್ಕರ 1,000 ರೂಪಾಯಿ ಹಿಂತಿರುಗಿಸಿ. ಎಂಟು ದಿನ ಸದ್ದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಮೂರನೇ ದಿನಕ್ಕೆ ಉತ್ತರ ಬಂತು: ಪಂದ್ಯದ ಹಿಂದಿನ ದಿನದೊಳಗೆ ಹೋಗುವವರ ಹೆಸರು, ಗುರುತಿನ ಚೀಟಿ ಕಳಿಸಿದರೆ ಅವರ ಹೆಸರಿಗೆ ಟಿಕೆಟ್ ಮಾಡಿಕೊಡುತ್ತೇವೆ.

ನಾಲ್ಕಕ್ಕೆ ನಾಲ್ಕೂ ಹಾಗೆ ಹೋದವು. ಮೊದಲನೆಯದು ಆ ಹುಡುಗನಿಗೇ, ದುಡ್ಡು ತೆಗೆದುಕೊಳ್ಳದೆ. ಒಳಹೋದ ಕೂಡಲೇ ಕುರ್ಚಿಯ ನಂಬರಿನ ಫೋಟೋ ಕಳಿಸಿದ. ಉಳಿದ ಮೂವರಿಂದ 250ರ ಮೇಲೆ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಹೆಸರು ಬದಲಾದ ಟಿಕೆಟ್ ಕೈಗೆ ಬರುವ ತನಕ ಯಾರಿಂದಲೂ ದುಡ್ಡು ಮುಟ್ಟಲಿಲ್ಲ.

ಆದರೆ ಈ ಸೌಲಭ್ಯ ಪತ್ರ ಬರೆದ ನನ್ನೊಬ್ಬನಿಗೆ ಸಿಕ್ಕಿತು. ಪಕ್ಕದ ಕುರ್ಚಿಯ ಅಂಕೋಲೆಯವರಿಗೆ ಇದು ಗೊತ್ತೇ ಇರಲಿಲ್ಲ, ಅವರ ಮೂರು ಪಂದ್ಯ ಹಾಳಾದವು. ಈ ಸಲ ದುಡ್ಡು ಕಟ್ಟುವ ಮೊದಲೇ ಇಬ್ಬರೂ ಸೇರಿ ಸಹಿ ಹಾಕಿ ಕೇಳಿದೆವು: ಹೆಸರು ಬದಲಿಸುವ ಸೌಲಭ್ಯ ಎಲ್ಲರಿಗೂ ಇದೆಯೇ, ಎಲ್ಲಿ ಬರೆದಿದ್ದೀರಿ? ಉತ್ತರ ಇನ್ನೂ ಬಂದಿಲ್ಲ, ನಾವೂ ಕಟ್ಟಿಲ್ಲ.