ಕಡಿಮೆ ಖರ್ಚಿನಲ್ಲಿ ಮದುವೆಯ ಹೂವು: ಆಯ್ಕೆ ಮತ್ತು ಕಟ್ಟುವ ಕ್ರಮ

ಮದುವೆಯ ಹೂವಿನ ಖರ್ಚನ್ನು ಹಿಡಿತದಲ್ಲಿಡಬೇಕೆನ್ನುವವರು ಮೊದಲು ಮೈಮೇಲೆ ಧರಿಸುವ ಹೂವನ್ನೂ ಮಂಟಪದ ಹೂವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು. ವಧೂವರರ ಹಾರ ಮತ್ತು ವಧುವಿನ ಮುಡಿಗೆ ಪರಿಮಳವೂ ತಾಜಾತನವೂ ಬೇಕು. ಅಲ್ಲಿ ಕೈ ಬಿಗಿ ಮಾಡಬಾರದು. ಮಂಟಪ ಮತ್ತು ಬಾಗಿಲು ದೂರದಿಂದ ಕಾಣುವುದರಿಂದ ಚೆಂಡುಹೂವು, ಸೇವಂತಿಗೆ, ಮಾವಿನ ಸೊಪ್ಪು, ಬಾಳೆಕಂದು ಧಾರಾಳವಾಗಿ ಸಾಕು.

ಬೆಲೆಯನ್ನು ನಿರ್ಧರಿಸುವುದು ಕಾಲ. ಮಲ್ಲಿಗೆ ಬೇಸಿಗೆಯಲ್ಲಿ ಹೇರಳವಾಗಿ ಬರುತ್ತದೆ, ಚಳಿಗಾಲದಲ್ಲಿ ಇಳುವರಿ ಕುಗ್ಗಿ ದುಬಾರಿಯಾಗುತ್ತದೆ. ಹಗಲು ಚಿಕ್ಕದಾದಂತೆ ಅರಳುವ ಸೇವಂತಿಗೆ ಚಳಿಗಾಲದಲ್ಲಿ ಸುಲಭವಾಗಿ ಸಿಗುತ್ತದೆ. ವರಮಹಾಲಕ್ಷ್ಮಿ, ಆಯುಧಪೂಜೆಯ ಆಸುಪಾಸಿನಲ್ಲಿ ಎಲ್ಲ ಹೂವಿನ ಬೆಲೆಯೂ ಏರುವುದರಿಂದ, ಮುಹೂರ್ತ ಆ ದಿನಗಳಿಗೆ ಹತ್ತಿರವಿದ್ದರೆ ಹಾರಕ್ಕೆ ಬೇಕಾಗುವ ಸುಗಂಧರಾಜವನ್ನು ಮೊದಲೇ ಮಾತಾಡಿ ಮುಂಗಡ ಕೊಟ್ಟಿಡುವುದು ಒಳ್ಳೆಯದು.

ಕಟ್ಟಿದ ಹಾರದ ಬೆಲೆಯಲ್ಲಿ ಕೂಲಿಯೂ ಸೇರಿರುತ್ತದೆ. ಮನೆಯಲ್ಲಿ ಕಟ್ಟಬಲ್ಲ ಅಜ್ಜಿ, ಅತ್ತೆ, ಚಿಕ್ಕಮ್ಮಂದಿರಿದ್ದರೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಅಥವಾ ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ಬಿಡಿ ಹೂವು ತರುವುದೇ ಲಾಭ. ಎಷ್ಟು ತರಬೇಕೆಂದು ಊಹಿಸದೆ, ಕೆಲವು ದಿನ ಮೊದಲು ಸ್ವಲ್ಪ ಹೂವು ತಂದು ಒಂದು ಮೊಳ ಪೋಣಿಸಿ ತೂಗಿ ನೋಡಬೇಕು. ಎದೆಯಿಂದ ಕೆಳಗೆ ಚೆನ್ನಾಗಿ ಇಳಿಯುವ ಹಾರಕ್ಕೆ ಸುಮಾರು 4 ಮೊಳ ಬೇಕಾಗುತ್ತದೆ. ಕೆಳಗಿನ ಕುಚ್ಚಿನ ಲೆಕ್ಕ ಬೇರೆ.

ಹಾರಕ್ಕೆ ಒಂಟಿ ಸುತ್ತಿನ, ಅಂದರೆ ಎಸಳು ಒಂದೇ ಸಾಲಿನಲ್ಲಿರುವ ಸುಗಂಧರಾಜದ ಅರಳದ ಮೊಗ್ಗುಗಳನ್ನೇ ಆರಿಸಿ, ಗಟ್ಟಿ ಹತ್ತಿದಾರವನ್ನು ಎರಡೆಳೆ ಮಾಡಿ ಉದ್ದ ಸೂಜಿಗೆ ಏರಿಸಬೇಕು. ಮೊಗ್ಗಿನ ತೊಟ್ಟಿನ ಭಾಗಕ್ಕೆ ಅಡ್ಡಲಾಗಿ ಚುಚ್ಚಿ, ಪ್ರತಿ ಮೊಗ್ಗನ್ನೂ ಹಿಂದಿನದಕ್ಕಿಂತ ಸ್ವಲ್ಪ ತಿರುಗಿಸಿ ಪೋಣಿಸಿದರೆ ಹಾರವು ಸುತ್ತಲೂ ತುಂಬಿ ದುಂಡಗಾಗುತ್ತದೆ. ಗೇಣಿಗೊಮ್ಮೆ ತುಳಸಿ ಅಥವಾ ಮರುಗದ ಕಟ್ಟು, ಅದರ ಪಕ್ಕ ಎರಡು ಕೆಂಪು ಗುಲಾಬಿ ಸೇರಿಸಿದರೆ ಹೂವೂ ಉಳಿಯುತ್ತದೆ, ನೋಟವೂ ಹೆಚ್ಚುತ್ತದೆ. ಮೊಗ್ಗುಗಳನ್ನು ತೀರಾ ಒತ್ತಿ ಪೋಣಿಸಿದರೆ ನಲುಗಿ ಕಂದಾಗುತ್ತವೆ.

ಮುಡಿಯ ಮಲ್ಲಿಗೆಯನ್ನು ನೆನೆಸಿದ ಬಾಳೆನಾರಿನಲ್ಲಿ ಕಟ್ಟುವುದು ಉತ್ತಮ, ಏಕೆಂದರೆ ಅದು ಎಳೆ ತೊಟ್ಟನ್ನು ಕತ್ತರಿಸುವುದಿಲ್ಲ. ಎರಡು ಮೊಗ್ಗು ಒಂದು ದಿಕ್ಕಿಗೆ, ಎರಡು ಎದುರು ದಿಕ್ಕಿಗೆ ಬರುವಂತೆ ತೊಟ್ಟುಗಳನ್ನು ಬೆರಳ ನಡುವೆ ಹಿಡಿದು, ನಾರನ್ನು ಒಂದು ಸುತ್ತು ಸುತ್ತಿ, ಕುಣಿಕೆ ಹಾಕಿ ಮೆಲ್ಲಗೆ ಎಳೆಯಬೇಕು. ನಡುನಡುವೆ ಕನಕಾಂಬರ ಸೇರಿಸಬಹುದು. ಅದಕ್ಕೆ ಪರಿಮಳವಿಲ್ಲದಿದ್ದರೂ ಬೇಗ ಬಾಡುವುದಿಲ್ಲ.

ಮಲ್ಲಿಗೆಯ ಮೊಗ್ಗು ಸಂಜೆಯ ಹೊತ್ತಿಗೆ ಅರಳತೊಡಗುವುದರಿಂದ, ಬೆಳಗಿನ ಮುಹೂರ್ತಕ್ಕೆ ಹಿಂದಿನ ದಿನ ಕಟ್ಟಿದ್ದನ್ನು ಬಾಳೆಎಲೆಯಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿ ಫ್ರಿಜ್‌ನ ಕೆಳಗಿನ ಅರೆಯಲ್ಲಿಡಬೇಕು. ಹೂವಿನ ಮೇಲೆ ನೇರವಾಗಿ ನೀರು ಚಿಮುಕಿಸಿದರೆ ಎಸಳುಗಳಲ್ಲಿ ಕಲೆ ಬೀಳುತ್ತದೆ.

ಆರತಕ್ಷತೆಗೆ ಕೈಗುಚ್ಛ ಬೇಕೆನ್ನುವವರು ಹೊರಗೆ ದುಡ್ಡು ಸುರಿಯಬೇಕಿಲ್ಲ. ಸುಗಂಧರಾಜದ ಕೆಲವು ಕಡ್ಡಿಗಳು, ಏಳೆಂಟು ಗುಲಾಬಿ ಮತ್ತು ಸ್ವಲ್ಪ ಹಸಿರೆಲೆ ತಂದು, ಕಾಂಡಗಳ ತುದಿಯನ್ನು ಓರೆಯಾಗಿ ಕತ್ತರಿಸಿ ಕೆಲವು ಗಂಟೆ ನೀರಿನಲ್ಲಿಟ್ಟು, ಒಂದೇ ಎತ್ತರಕ್ಕೆ ಜೋಡಿಸಿ ದಾರದಿಂದ ಬಿಗಿಯಬೇಕು. ಹಿಡಿಯ ಮೇಲೆ ಸೀರೆಗೆ ಹೊಂದುವ ರಿಬ್ಬನ್ ಸುತ್ತುವುದನ್ನು ವೇದಿಕೆಗೆ ಹೋಗುವ ಮುನ್ನ, ಕಾಂಡಗಳನ್ನು ಚೆನ್ನಾಗಿ ಒರೆಸಿದ ಮೇಲೆ ಮಾಡಬೇಕು. ಇಲ್ಲವಾದರೆ ರೇಷ್ಮೆಯ ಮೇಲೆ ನೀರಿನ ಕಲೆ ಉಳಿಯುತ್ತದೆ.