ಮಂಗನ ಕಾಯಿಲೆಗೆ ಅನುದಾನ ಕೇಳಲು ಹೋದಾಗ

ಬಿಳಿ ಫ್ಲಾನೆಲ್ ಬಟ್ಟೆಯ ಒಂದು ಅಂಚಿಗೆ ಕೋಲು ಕಟ್ಟಿ, ದರಗಿನ ಮೇಲೆ ನಿಧಾನವಾಗಿ ಎಳೆದುಕೊಂಡು ಹೋಗಬೇಕು. ಹತ್ತು ಹೆಜ್ಜೆಗೊಮ್ಮೆ ನಿಂತು ಮಗುಚಿ ನೋಡಬೇಕು. ಸಾಗರ ತಾಲ್ಲೂಕಿನ ಒಂದು ಸೊಪ್ಪಿನ ಬೆಟ್ಟದಲ್ಲಿ ನಾನು ಮೊದಲ ಸಲ ಮಗುಚಿದಾಗ ಬಟ್ಟೆ ಮೇಲೆ ಎಳ್ಳು ಚೆಲ್ಲಿದ ಹಾಗಿತ್ತು. ಆ ಎಳ್ಳು ನಡೆಯುತ್ತಿತ್ತು. ಉಣುಗಿನ ಮರಿಗಳು. ಅಡಿಕೆ ತೋಟಕ್ಕೆ ಸೊಪ್ಪು ತರುವ ಹೆಂಗಸರು ದಿನಾ ತುಳಿಯುವ ಜಾಗ ಅದು.

2019ರಲ್ಲಿ ಅದೇ ತಾಲ್ಲೂಕಿನ ಅರಳಗೋಡು ಸುತ್ತ, ಉಣುಗು ಕಚ್ಚಿ ಬರುವ ಜ್ವರವಾದ ಮಂಗನ ಕಾಯಿಲೆ ಜೋರಾದಾಗ ನಾನು ಒಂದು ಸಣ್ಣ ಆರೋಗ್ಯ ಸಂಸ್ಥೆಯಲ್ಲಿದ್ದೆ. ಊರೂರಿಗೆ ಹೋಗಿ ಉಣುಗು ಹತ್ತದ ಹಾಗೆ ಮೈಗೆ ಎಣ್ಣೆ ಹಚ್ಚಿಕೊಳ್ಳಿ, ಮಂಗ ಸತ್ತರೆ ತಕ್ಷಣ ತಿಳಿಸಿ ಅಂತ ಹೇಳುವುದು ನಮ್ಮ ಕೆಲಸ. ದುಡ್ಡಿರಲಿಲ್ಲ. ಹಾಗಾಗಿ ಒಂದು ದೊಡ್ಡ ಫೌಂಡೇಶನ್‌ಗೆ ಅರ್ಜಿ ಬರೆದೆ.

ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಈ ಕಾಯಿಲೆಯಿಂದ ಪ್ರಪಂಚದಲ್ಲಿ ಎಷ್ಟು ಜನರಿಗೆ ತೊಂದರೆ? ನಮ್ಮದು ವರ್ಷಕ್ಕೆ ಕೆಲವು ನೂರು ಜನರ ಕಾಯಿಲೆ, ಅದೂ ಪಶ್ಚಿಮ ಘಟ್ಟದ ಆಸುಪಾಸಿನಲ್ಲೇ. ಇದ್ದದ್ದು ಇದ್ದ ಹಾಗೆ ಬರೆದೆ. ನಮ್ಮ ಆದ್ಯತೆಗೆ ಹೊಂದುವುದಿಲ್ಲ ಅಂತ ಉತ್ತರ ಬಂತು. ಮಾರನೇ ವರ್ಷ ಅದೇ ಕೆಲಸವನ್ನು 'ಮೊಬೈಲ್ ಮೂಲಕ ಜ್ವರದ ವರದಿ' ಅಂತ ಬದಲಾಯಿಸಿ ಬರೆದೆ. ಎರಡು ವರ್ಷಕ್ಕೆ ಹಣ ಸಿಕ್ಕಿತು.

ಟ್ಯಾಬ್ ಬಂತು, ತರಬೇತಿ ಆಯಿತು. ಮೂರು ತಿಂಗಳಿಗೊಮ್ಮೆ ಎಷ್ಟು ಜನರಿಗೆ ತರಬೇತಿ ಕೊಟ್ಟಿರಿ ಅಂತ ಲೆಕ್ಕ ಕೇಳುತ್ತಿದ್ದರು. ಒಂದು ದಿನ ಒಬ್ಬ ಆಶಾ ಕಾರ್ಯಕರ್ತೆ ಟ್ಯಾಬ್ ನನ್ನ ಮುಂದೆ ಹಿಡಿದರು. "ಅಣ್ಣ, ತೋಟದ ಹಿಂದೆ ಮಂಗ ಸತ್ತಿದೆ. ಇದರಲ್ಲಿ ಎಲ್ಲಿ ಬರೀಲಿ? ಜಾಗನೇ ಇಲ್ಲವಲ್ಲ." ಸತ್ತ ಮಂಗನ ಮೈಯಿಂದ ಇಳಿದ ಉಣುಗು ಅಲ್ಲೇ ಸುತ್ತ ಹರಡುತ್ತದೆ. ಮನುಷ್ಯರಿಗೆ ಜ್ವರ ಬರುವ ಮುಂಚೆಯೇ ನಮಗೆ ಸಿಗುವ ಮುಖ್ಯ ಸುಳಿವು ಅದು. ಅದಕ್ಕೇ ಕಾಲಂ ಇರಲಿಲ್ಲ. ಸೇರಿಸಿ ಅಂತ ಪತ್ರ ಬರೆದೆ. ಯೋಜನೆ ಮುಗಿಯುವವರೆಗೂ ಆಗಲಿಲ್ಲ.

ಆಮೇಲೆ ನಾನು ಈ ದುಡ್ಡಿನ ದಾರಿಯನ್ನು ಓದಲು ಕೂತೆ. ವಿಶ್ವ ಆರೋಗ್ಯ ಸಂಸ್ಥೆಗೆ ಸದಸ್ಯ ದೇಶಗಳು ಕಡ್ಡಾಯವಾಗಿ ಕಟ್ಟುವ ಚಂದಾ ಅದರ ಬಜೆಟ್‌ನ ಐದನೇ ಒಂದು ಭಾಗಕ್ಕಿಂತ ಕಡಿಮೆ ಇತ್ತು. ಉಳಿದದ್ದು ದಾನ. ಅದರಲ್ಲೂ ಬಹುಪಾಲು ಹಣಕ್ಕೆ ಇಂಥದ್ದಕ್ಕೇ ಖರ್ಚು ಮಾಡಿ ಅನ್ನುವ ಷರತ್ತು. 2018-19ರ ಲೆಕ್ಕದಲ್ಲಿ ಅಮೆರಿಕ ಸರ್ಕಾರ ಬಿಟ್ಟರೆ ಅತಿ ಜಾಸ್ತಿ ಕೊಟ್ಟದ್ದು ಒಂದು ದೇಶವಲ್ಲ, ಗೇಟ್ಸ್ ಫೌಂಡೇಶನ್. ಮಕ್ಕಳ ಲಸಿಕೆಗೆ ಅಂತ 2000ದಲ್ಲಿ ಶುರುವಾದ ಗಾವಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಗೆ ಅದೇ ಫೌಂಡೇಶನ್ 75 ಕೋಟಿ ಡಾಲರ್ ಕೊಟ್ಟಿತು. ಗಾವಿಯ ಆಡಳಿತ ಮಂಡಳಿಯಲ್ಲಿ ಫೌಂಡೇಶನ್‌ಗೆ ಕುರ್ಚಿಯೂ ಇದೆ. ಈ ಹಣದಿಂದ ಎಷ್ಟೋ ಮಕ್ಕಳ ಜೀವ ಉಳಿದಿದೆ. ಅದರ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಯಾವ ಕಾಯಿಲೆ ಮೊದಲು ಅನ್ನುವುದನ್ನೂ ದುಡ್ಡು ಕೊಟ್ಟವರೇ ಹೇಳುವ ಹಾಗಾಗುತ್ತದೆ, ಅಲ್ವಾ? ತುರ್ತಾಗಿ ಸಂಶೋಧನೆ ಆಗಬೇಕಾದ ಕಾಯಿಲೆಗಳು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮಾಡಿದ ಪಟ್ಟಿ ತೆಗೆದು ನೋಡಿದೆ. ಎಬೋಲಾ ಇತ್ತು, ನಿಪಾ ಇತ್ತು. ನಮ್ಮದು ಇರಲಿಲ್ಲ.

ಓದುತ್ತಾ ಹೋದಾಗ ಇನ್ನೊಂದು ವಿಷಯ ಸಿಕ್ಕಿತು. ನನ್ನ ಕೋಪ ಸ್ವಲ್ಪ ಇಳಿದದ್ದು ಅದರಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಬಂದು ವೈರಸ್ ಕಂಡುಹಿಡಿದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಆ ಕೇಂದ್ರವನ್ನು 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆ ಸೇರಿ ಕಟ್ಟಿದ್ದು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್. ಸೊಳ್ಳೆ, ಉಣುಗಿನಂಥವುಗಳಿಂದ ಹರಡುವ ವೈರಸ್‌ಗಳ ಮೇಲೆ ಅವರಿಗೆ ಆಸಕ್ತಿ ಇತ್ತು. ಮಂಗ ಸಾಯುತ್ತಿದೆ ಅಂದ ಕೂಡಲೇ ಹಳದಿ ಜ್ವರ ಭಾರತಕ್ಕೆ ಬಂತೇನೋ ಅಂತ ಹೆದರಿದ್ದರು. ಸಿಕ್ಕಿದ್ದು ಬೇರೆ, ಹೊಸ ವೈರಸ್. ಮುಂದೆ ಆ ಫೌಂಡೇಶನ್ ಹೊರಟು ಹೋಯಿತು. ಕೇಂದ್ರ ಉಳಿಯಿತು. ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ.

ಹೊರಟವರ ಹಿಂದೆ ಏನು ಉಳಿಯುತ್ತದೆ? ನನ್ನ ಯೋಜನೆಯಲ್ಲಿ ಉಳಿದದ್ದು ಚಾರ್ಜ್ ಆಗದ ಟ್ಯಾಬ್‌ಗಳು. ಅದಕ್ಕೇ ಮುಂದಿನ ಸಲ ಅರ್ಜಿ ಬರೆಯುವ ರೀತಿಯನ್ನೇ ತಿರುಗಿಸಿದೆ. ಕೊನೆಯ ಪುಟ ಮೊದಲು ಬರೆದೆ: ಹಣ ನಿಂತ ಮಾರನೇ ದಿನ ಈ ಕೆಲಸ ಯಾರದ್ದು? ಆ ಪುಟ ಹಿಡಿದು ಪಿಎಚ್‌ಸಿ ಡಾಕ್ಟರ ಹತ್ತಿರ ಹೋದೆ, ಪಂಚಾಯ್ತಿಗೆ ಹೋದೆ. ಡಾಕ್ಟರು ಬೇರೆ ಆ್ಯಪ್ ಬೇಡ, ನಮ್ಮ ಉಪಕೇಂದ್ರದಲ್ಲೇ ಒಂದು ಪುಸ್ತಕ ಇಡಿ ಅಂದರು. ಗ್ರಾಮ ಆರೋಗ್ಯ ಸಮಿತಿಗೆ ವರ್ಷಕ್ಕೆ ಸಿಗುವ 10,000 ರೂಪಾಯಿ ಮುಕ್ತ ನಿಧಿಯಲ್ಲಿ ಪುಸ್ತಕ, ಬಟ್ಟೆ, ಗ್ಲೌಸ್ ಖರ್ಚು ಹಾಕಲು ಸಭೆಯಲ್ಲಿ ಠರಾವು ಮಾಡಿಸಿದೆವು. ಮಂಗ ಸತ್ತ ಜಾಗ, ತಾರೀಕು, ಯಾರಿಗೆ ತಿಳಿಸಿದ್ದು, ಯಾವಾಗ ಬಂದು ನೋಡಿದರು, ಈ ನಾಲ್ಕು ಕಾಲಂಗಳನ್ನು ಆಶಾ ಕಾರ್ಯಕರ್ತೆಯರೇ ಸ್ಕೇಲ್ ಇಟ್ಟು ಗೆರೆ ಎಳೆದು ಮಾಡಿದರು. ಇಷ್ಟಾದ ಮೇಲೆ ಇನ್ನೊಂದು ಸಣ್ಣ ಫೌಂಡೇಶನ್‌ಗೆ ಬರೆದೆ: ಈ ಪುಸ್ತಕ ಇದೆ, ಇದಕ್ಕೆ ನೆರವು ಕೊಡಿ, ಕಾಲಂ ಮಾತ್ರ ಬದಲಾಯಿಸಬೇಡಿ. ಒಪ್ಪಿದರು. ಕೇಳಿದ ಅರ್ಧದಷ್ಟೇ ಕೊಟ್ಟರು, ಆದರೆ ಒಪ್ಪಿದರು.

ದೊಡ್ಡ ಮಟ್ಟದಲ್ಲೂ ಇದೇ ಚರ್ಚೆ ನಡೆದಿದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸದಸ್ಯ ದೇಶಗಳು ಕಟ್ಟುವ ಚಂದಾವನ್ನು ಹಂತ ಹಂತವಾಗಿ ಏರಿಸಿ ಮೂಲ ಬಜೆಟ್‌ನ ಅರ್ಧಕ್ಕೆ ತರಬೇಕು ಅಂತ 2022ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ನಿರ್ಧಾರ ಆಯಿತು. 2045ಕ್ಕೆ ಬಾಗಿಲು ಹಾಕುತ್ತೇವೆ ಅಂತ ಗೇಟ್ಸ್ ಫೌಂಡೇಶನ್ 2025ರಲ್ಲಿ ತಾನೇ ಹೇಳಿದೆ. ಆಗ ಲಸಿಕೆ, ಕ್ಷಯ, ಮಲೇರಿಯಾದ ಕೊನೆಯ ಪುಟ ಯಾರು ಬರೆದಿಟ್ಟಿರುತ್ತಾರೆ ಅನ್ನುವ ಯೋಚನೆ ನನಗೆ ಈಗಲೇ ಶುರುವಾಗಿದೆ.

ಆ ಸಣ್ಣ ಫೌಂಡೇಶನ್‌ನ ಹಣವೂ ಮುಗಿದಿದೆ. ಡಿಸೆಂಬರ್‌ನಲ್ಲಿ ಉಪಕೇಂದ್ರಕ್ಕೆ ಹೋಗಿದ್ದೆ. ಫ್ಲಾನೆಲ್ ಬಟ್ಟೆ ಒಗೆದು ತಂತಿ ಮೇಲೆ ಒಣಹಾಕಿದ್ದರು. ಮೇಜಿನ ಮೇಲಿದ್ದ ಪುಸ್ತಕ ಹೊಸದು. ಹಳೇದು ತುಂಬಿತು ಅಣ್ಣ ಅಂದರು.